ಬಾವನ ಬಲಗೈ

ಮೂರನೆಯ ತುತ್ತು ಗಂಟಲಿಗಿಳಿಯುವ ಹೊತ್ತಿಗೆ ಮುನಿಸ್ವಾಮಪ್ಪ ತನ್ನ ಬಾಮೈದನನ್ನು ಕೊಲ್ಲುವುದೆಂದು ತೀರ್ಮಾನಿಸಿಬಿಟ್ಟಿದ್ದ.

ಬೇತಮಂಗಲದಲ್ಲಿ ಹೆಂಡತಿ ಕಡೆಯ ನೆಂಟರು ಕೊಟ್ಟ ಬಾಡೂಟ ಅದು. ಶಾಮಿಯಾನದ ಕೆಳಗೆ ಉದ್ದನೆಯ ಸಾಲು, ಎಲೆಯ ಮೇಲೆ ಬಿಸಿ ಮುದ್ದೆ. ಬಲ ಭುಜದ ಆಪರೇಷನ್ ಆಗಿ ಐದು ತಿಂಗಳು ಕಳೆದಿದ್ದರೂ ಅವನ ಕೈ ಎಲೆಯಿಂದ ಬಾಯಿಗೆ ಬರುವಷ್ಟರಲ್ಲಿ ನಡುಗಿ, ಅರ್ಧ ತುತ್ತು ಪಂಚೆಯ ಮೇಲೆ ಉದುರುತ್ತಿತ್ತು. ಯಾರೂ ನೋಡುತ್ತಿಲ್ಲವೆಂದುಕೊಂಡು ಎಡಗೈಯನ್ನು ಮುದ್ದೆಗೆ ಹಾಕಿದ. ಎದುರು ಸಾಲಿನ ಮುದುಕಿಯೊಬ್ಬಳು ಮುಖ ಸಿಂಡರಿಸಿದಳು. ಅಷ್ಟರಲ್ಲಿ ಸಾರು ಬಡಿಸುತ್ತಿದ್ದ ಚಿಕ್ಕಮುನಿಯಪ್ಪ ಬಕೆಟ್ಟನ್ನು ಅಲ್ಲೇ ಇಟ್ಟು ಓಡಿಬಂದ. ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ, "ಬಾಯ್ ತೆಗೀರಿ ಬಾವ" ಎಂದ.

ಸಾಲಿಗೆ ಸಾಲೇ ತಿರುಗಿ ನೋಡಿತು. ಐವತ್ತಾರು ವರ್ಷದ ಗಂಡಸು, ರಾಬರ್ಟ್‌ಸನ್‌ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ದನಗಳ ಬೂಸ, ಹಿಂಡಿ ಮಾರುವ ಅಂಗಡಿಯ ಯಜಮಾನ, ಮಗುವಿನಂತೆ ಬಾಯಿ ತೆರೆದ. ತೆರೆಯದಿದ್ದರೆ ಇನ್ನೂ ನಗೆಪಾಟಲು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಂಥ ಬಾಮೈದ ಸಿಗಾಕೆ ಪುಣ್ಯ ಮಾಡಿರ್ಬೇಕು ಕಣಪ್ಪ" ಎಂದ ಪಕ್ಕದಲ್ಲಿ ಕೂತವನು. "ಇವಾಗ ಚಿಕ್ಕನೇ ನಿನ್ ಬಲಗೈ."

ಚಿಕ್ಕಮುನಿಯಪ್ಪ ನಾಚಿಕೊಂಡು ಹಲ್ಲು ಬಿಟ್ಟ. ಬಾವನ ಗಲ್ಲಕ್ಕೆ ಅಂಟಿದ್ದ ಸಾರನ್ನು ತನ್ನ ಹೆಗಲ ಟವೆಲಿನಿಂದ ಒರೆಸಿದ. ಆ ಟವೆಲಿಗೆ ಹಸುವಿನ ಮೈಯ ವಾಸನೆಯಿತ್ತು.

ಹಾಗೆ ನೋಡಿದರೆ ಈ ಗ್ರಹಚಾರವನ್ನು ಮುನಿಸ್ವಾಮಪ್ಪ ತಾನೇ ತಂದುಕೊಂಡಿದ್ದು. ನವೆಂಬರಿನಲ್ಲಿ ಅಂಗಡಿಯ ಹಿಂಗೋಡೆಗೆ ಜೋಡಿಸಿದ ಮೂಟೆಗಳ ಅಟ್ಟಿ ಹತ್ತಿ, ಮೇಲಿನ ಮೂಟೆಯನ್ನು ಎಳೆಯಲು ಹೋಗಿ ತಾನಾಗಿಯೇ ಜಾರಿಬಿದ್ದಿದ್ದ. ಕೆಳಗೆ ನಿಂತಿದ್ದವನು ಚಿಕ್ಕಮುನಿಯಪ್ಪ. ತನ್ನ ಎರಡು ಸೀಮೆಹಸುಗಳಿಗೆ ಬೂಸ ಒಯ್ಯಲು ಬಂದವನು ಸುಮ್ಮನೆ ಮೂಟೆಗೆ ಕೈ ಕೊಟ್ಟಿದ್ದ, ಅಷ್ಟೆ. ನೆಲದ ಮೇಲೆ ಬಿದ್ದು, ಭುಜದೊಳಗೆ ಏನೋ ಹರಿದ ಸದ್ದು ಕೇಳಿ, ಸುತ್ತ ಜನ ಸೇರಿದಾಗ ಮುನಿಸ್ವಾಮಪ್ಪನ ಬಾಯಿಂದ ಬಂದ ಮೊದಲ ಮಾತು, "ಇವನು ಸರಿಯಾಗಿ ಇಡೀಲಿಲ್ಲ" ಎಂಬುದು. ಅಟ್ಟಿಯಿಂದ ಜಾರಿದ ಯಜಮಾನ ಎನಿಸಿಕೊಳ್ಳುವುದಕ್ಕಿಂತ ಇದು ಮೇಲು ಎನಿಸಿತ್ತು. ಚಿಕ್ಕಮುನಿಯಪ್ಪ ಅದನ್ನು ನಂಬಿಬಿಟ್ಟ. ತನ್ನ ಕೈ ಯಾವಾಗ ಜಾರಿತು ಎಂದು ನೆನಪಾಗದಿದ್ದರೂ, ಬಾವ ಹೇಳಿದ ಮೇಲೆ ಜಾರಿರಲೇಬೇಕು ಎಂದುಕೊಂಡ. ಕೋಲಾರದ ಆಸ್ಪತ್ರೆಯ ವರಾಂಡದಲ್ಲಿ ಮೂರು ದಿನ ನೆಲದ ಮೇಲೆ ಮಲಗಿದ. ಮುನಿಸ್ವಾಮಪ್ಪನಿಗೆ ಆಗ ಇದು ಚೆನ್ನಾಗಿಯೇ ಇತ್ತು. ತಪ್ಪು ಮಾಡಿದೆನೆಂದು ನಂಬಿದವನಷ್ಟು ಒಳ್ಳೆಯ ಆಳು ಎಲ್ಲಿ ಸಿಗುತ್ತಾನೆ?

ಆಪರೇಷನ್ ಮುಗಿದು ಕುತ್ತಿಗೆಗೆ ಪಟ್ಟಿ ಕಟ್ಟಿ, ಕೈಯನ್ನು ಹೊಟ್ಟೆಯ ಮೇಲೆ ಕೂರಿಸಿ ಮನೆಗೆ ಕಳಿಸಿದರು. ಆರು ವಾರ ಕೈ ಆಡಿಸುವಂತಿಲ್ಲ. ಚಿಕ್ಕಮುನಿಯಪ್ಪ ಹಸುಗಳನ್ನು ಹೆಂಡತಿಗೊಪ್ಪಿಸಿ, ಬೇತಮಂಗಲದ ಪಕ್ಕದ ಹಳ್ಳಿಯಿಂದ ಬಟ್ಟೆ ಗಂಟು ಹೊತ್ತು ಬಂದ. ಸ್ನಾನ ಮಾಡಿಸಿದ, ಬೆನ್ನು ತಿಕ್ಕಿದ, ತಲೆ ಬಾಚಿದ, ಅಂಗಿಯ ಗುಂಡಿ ಹಾಕಿದ, ಪಂಚೆ ಸುತ್ತಿದ. ಮುನಿಸ್ವಾಮಪ್ಪನಿಗೆ ಮಲಗಿದರೆ ಭುಜದಲ್ಲಿ ಉರಿ, ಅದಕ್ಕೇ ಕುರ್ಚಿಯಲ್ಲಿ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ. ಆ ಕುರ್ಚಿಯ ಪಕ್ಕ ಚಾಪೆ ಹಾಸಿಕೊಂಡು, ಬಾವ ನರಳಿದರೆ ಸಾಕು ಎದ್ದು ಕೂತು "ನೀರ್ ಬೇಕಾ ಬಾವ" ಎನ್ನುತ್ತಿದ್ದ. ಪಟ್ಟಿ ಬಿಚ್ಚಿದರು, ತಿಂಗಳುಗಳು ಕಳೆದವು. ಕೈ ಮಾತ್ರ ಪೂರ್ತಿ ಬರಲಿಲ್ಲ. ಭುಜದ ಮಟ್ಟಕ್ಕೆ ಎತ್ತಿದರೆ ಒಳಗೆ ಮೊಳೆ ಹೊಡೆದಂತೆ ನಿಂತುಬಿಡುತ್ತಿತ್ತು. ಕಿರುಬೆರಳು ಜುಮುಗುಡುತ್ತಿತ್ತು. ಒಂದು ಚೊಂಬು ನೀರು ಎತ್ತಿದರೂ ನಡುಕ. ಪೂರ್ತಿ ಸರಿಹೋಗಲು ವರ್ಷ ಹಿಡಿಯಬಹುದು, ಇಷ್ಟೇ ಉಳಿದರೂ ಉಳಿಯಬಹುದು ಎಂದು ಡಾಕ್ಟರು ನಗುತ್ತಲೇ ಹೇಳಿದ್ದರು.

ಅಷ್ಟರಲ್ಲಿ ಅಂಗಡಿ ಕೈತಪ್ಪಿತ್ತು. ಹಾಲು ಕರೆಯುವ ರೈತರು, ಅವರ ಹೆಂಗಸರು ಬಂದವರೇ ಗಲ್ಲಾದ ಮುಂದೆ ಕೂತ ಮುನಿಸ್ವಾಮಪ್ಪನನ್ನು ದಾಟಿ ಒಳಗೆ ಇಣುಕಿ, "ಚಿಕ್ಕ ಇಲ್ವಾ?" ಎನ್ನುತ್ತಿದ್ದರು. ಚಿಕ್ಕನಿಗೆ ಯಾರ ಹಸು ಈದಿದೆ, ಯಾರ ಕರು ಹೊಟ್ಟೆಯುಬ್ಬರದಲ್ಲಿದೆ ಎಲ್ಲ ಗೊತ್ತು. ಮೂಟೆಯನ್ನು ಆಟೋ ತನಕ ಹೊತ್ತು ಇಟ್ಟು ಬರುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಮುನಿಸ್ವಾಮಪ್ಪನನ್ನು ಯಾರೂ ಹೀಗೆ ಹುಡುಕಿಕೊಂಡು ಬಂದಿರಲಿಲ್ಲ. ಬೋರ್ಡಿನ ಮೇಲೆ ಅವನ ಹೆಸರು ಹಾಗೇ ಇತ್ತು, ಜನರ ಬಾಯಲ್ಲಿ ಮಾತ್ರ ಅದು ಚಿಕ್ಕನ ಅಂಗಡಿಯಾಗಿತ್ತು. ಬೋರ್ಡು ಇನ್ನೆಷ್ಟು ದಿನ ಎಂದು ಅವನು ಆಗಾಗ ಕತ್ತೆತ್ತಿ ನೋಡುತ್ತಿದ್ದ.

ಕಳಿಸಲು ನೋಡಿದ. ಫೆಬ್ರವರಿಯಲ್ಲಿ ಒಂದು ದಿನ, "ಸಾಕು ಓಗ್ಲಾ, ನಿನ್ ಹಸು ನೋಡ್ಕೋ" ಎಂದ. ಚಿಕ್ಕಮುನಿಯಪ್ಪ ಅತ್ತ. ಬಾವನಿಗೆ ಇನ್ನೂ ಕೋಪ ಇಳಿದಿಲ್ಲ ಎಂದು ಅಕ್ಕನ ಹತ್ತಿರ ಹೇಳಿಕೊಂಡ. ಗಂಗರತ್ನಮ್ಮ ಗಂಡನ ಮೇಲೆ ಹರಿಹಾಯ್ದಳು.

"ನನ್ ತಮ್ಮ ತಪ್ಪು ಮಾಡ್ದ, ಒಪ್ಕೊಂಡ. ಅದ್ಕೆ ನಾಯಿ ತರ ಬಿದ್ದವ್ನೆ. ಇನ್ನೇನ್ ಮಾಡ್ಬೇಕು ಏಳಿ, ನಿಮ್ ಕೈ ಕಿತ್ತು ಅಂಟಿಸ್ಬೇಕಾ?"

ಮಾರನೆಯ ಬೆಳಿಗ್ಗೆ ಚಿಕ್ಕಮುನಿಯಪ್ಪ ಅಂಗಡಿಯಲ್ಲಿದ್ದ. ಬಿದ್ದದ್ದು ತನ್ನದೇ ತಪ್ಪಿನಿಂದ ಎಂದು ಮುನಿಸ್ವಾಮಪ್ಪ ಹೇಳಿದ್ದರೆ ಆ ಮನುಷ್ಯ ಅಂದೇ ಹಗುರವಾಗಿ ಊರಿಗೆ ಹೋಗುತ್ತಿದ್ದನೇನೋ. ಬಾಡೂಟದಿಂದ ಬಂದ ರಾತ್ರಿ ಅವನು ಅದನ್ನೂ ಯೋಚಿಸಿದ. ಒಂದು ಕ್ಷಣ ಯೋಚಿಸಿ, ಉಗುಳಿದ. ಊರ ಮುಂದೆ ಸುಳ್ಳನಾಗುವುದಕ್ಕಿಂತ ಆ ಊಟದ ಸಾಲಿನಲ್ಲಿ ಬಂದ ಯೋಚನೆಯೇ ಅಚ್ಚುಕಟ್ಟಾಗಿತ್ತು.

ಉಪಾಯ ಹೊಳೆಯಲು ಎರಡು ದಿನ ಸಾಕಾಯಿತು. ಮೂಟೆಗಳೇ ಕೊಲ್ಲಲಿ. ಒಂದು ಸಲ ಬೀಳಿಸಿದ ಅಟ್ಟಿ ಇನ್ನೊಂದು ಸಲ ಬಿದ್ದರೆ ಯಾರಿಗೆ ಅನುಮಾನ? ಮತ್ತೆ, ಇಡೀ ಪೇಟೆಗೆ ಗೊತ್ತಿರುವಂತೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲಾಗದವನ ಮೇಲೆ ಯಾವ ಪೊಲೀಸಿನವನ ಕಣ್ಣು ಬೀಳುತ್ತದೆ? ಐದು ತಿಂಗಳು ಹಿಂಸೆ ಕೊಟ್ಟ ಭುಜ ಮೊದಲ ಸಲ ಉಪಯೋಗಕ್ಕೆ ಬರುವಂತಿತ್ತು. ಅದು ಬೇಗ ವಾಸಿಯಾಗದಂತೆಯೂ ನೋಡಿಕೊಂಡ. ಫಿಸಿಯೋಥೆರಪಿಯವರು ಮನೆಯಲ್ಲಿ ಮಾಡಲು ಹೇಳಿದ್ದ ವ್ಯಾಯಾಮವನ್ನೆಲ್ಲ ಆ ದಿನದಿಂದಲೇ ಬಿಟ್ಟ.

ಆ ಕ್ಲಿನಿಕ್ಕು ಅಂಗಡಿಯಿಂದ ಎರಡು ಬೀದಿ ಆಚೆ, ಚಿನ್ನದ ಗಣಿಯವರ ಕಾಲದ ಹಳೆಯ ತಗಡಿನ ಸೂರಿನ ಮನೆಯಲ್ಲಿ. ನಡೆಸುವವಳು ಲಿಖಿತ, ಇಪ್ಪತ್ತೇಳರ ಹುಡುಗಿ, ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ರೋಗಿಗಳನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಬೆರಳುಗಳನ್ನು ಜೇಡನಂತೆ ಮೇಲಕ್ಕೆ ಹತ್ತಿಸಿ, ಮುಟ್ಟಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದಳು. ಮುನಿಸ್ವಾಮಪ್ಪನ ಗೆರೆ ನಾಲ್ಕು ವಾರದಿಂದ ಒಂದೇ ಕಡೆ ನಿಂತಿತ್ತು.

"ಅಂಕಲ್, ಮನೇಲಿ ಮಾಡ್ತಾ ಇದೀರಾ ಇಲ್ವಾ? ನಿಮ್ಗಿಂತ ದೊಡ್ಡೋರು ನಿಮ್ ಗೆರೆ ದಾಟಿ ಹೋದ್ರು."

"ಮಾಡ್ತಾನೇ ಇವ್ನಿ ಕಣಮ್ಮ. ಕೈ ಬರಲ್ಲ ಅಂತದೆ, ಏನ್ ಮಾಡ್ಲಿ?" ಎಂದು ಮುಖ ಬಾಡಿಸಿದ. ಆ ಗೆರೆಗಳು ನಾಳೆ ಸಾಕ್ಷಿ ಹೇಳುತ್ತವೆ ಎಂದು ಒಳಗೊಳಗೇ ಖುಷಿಪಟ್ಟ.

ಬುಧವಾರಗಳಂದು ಎರಡು ಗಂಟೆಗೆ ಅವನ ಸರದಿ. ಲಿಖಿತ ಅವನನ್ನು ಕೊನೆಯ ಹಾಸಿಗೆಯಲ್ಲಿ ಮಲಗಿಸಿ, ಭುಜಕ್ಕೆ ಶಾಖದ ಪಟ್ಟಿ ಸುತ್ತಿ, ಪರದೆ ಎಳೆದು, ಪಕ್ಕದ ಬೀದಿಯ ಮನೆಗೆ ಊಟಕ್ಕೆ ಹೋಗುತ್ತಿದ್ದಳು. ಮೂರಕ್ಕೆ ವಾಪಸು. ಬಾಗಿಲಲ್ಲಿ ಕಾವಲಿಗಿದ್ದ ಆದಿಲಕ್ಷ್ಮಮ್ಮ ಎರಡೂಕಾಲಿಗೆಲ್ಲ ಗೊರಕೆ. ಕೊನೆಯ ಹಾಸಿಗೆಯ ಹಿಂದೆಯೇ ಬಚ್ಚಲಿನ ಬಾಗಿಲು, ಅದರಾಚೆ ಓಣಿ. ಓಣಿಯಲ್ಲಿ ನಡೆದರೆ ಏಳು ನಿಮಿಷಕ್ಕೆ ಅಂಗಡಿ. ಮುನಿಸ್ವಾಮಪ್ಪ ಎರಡು ಬುಧವಾರ ಸುಮ್ಮನೆ ಹೋಗಿಬಂದು ನೋಡಿದ. ತಲೆಗೆ ಟವೆಲು ಸುತ್ತಿಕೊಂಡರೆ ಏಪ್ರಿಲ್ಲಿನ ಆ ಬಿಸಿಲಿನಲ್ಲಿ ಅವನೂ ಊರಿಂದ ಬಂದ ಒಬ್ಬ ರೈತ. ಫೋನನ್ನು ದಿಂಬಿನ ಮೇಲೆ ಬಿಟ್ಟುಹೋಗುವುದು. ಫೋನು ಎಲ್ಲಿತ್ತೆಂದು ಪೊಲೀಸರು ಕಂಡುಹಿಡಿಯುತ್ತಾರೆ ಎಂದು ಟೀವಿಯಲ್ಲಿ ನೋಡಿದ್ದ. ಕಂಡುಹಿಡಿಯಲಿ.

ಇನ್ನು ಅಂಗಡಿ. ಎರಡರಿಂದ ನಾಲ್ಕರವರೆಗೆ ಆ ಬೀದಿಯೇ ಮಲಗುತ್ತದೆ. ಚಿಕ್ಕಮುನಿಯಪ್ಪ ಮನೆಯಿಂದ ಬಂದ ಬುತ್ತಿ ಉಂಡು, ಗಾಳಿಗೆಂದು ಶಟರನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಹಿಂಗೋಡೆಯ ಅಟ್ಟಿಯ ಬುಡದಲ್ಲಿ ಗೋಣಿ ಹಾಸಿಕೊಂಡು ಉರುಳುತ್ತಾನೆ. ಅಲ್ಲಿ ನೆಲ ತಣ್ಣಗಿರುತ್ತದೆ. ಮುದ್ದೆ ಉಂಡು ಮಲಗಿದರೆ ಕಿವಿಯ ಹತ್ತಿರ ತಮಟೆ ಬಡಿದರೂ ಏಳುವವನಲ್ಲ.

ಮೂಟೆಗಳನ್ನು ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಇಟ್ಟರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಈ ವಿದ್ಯೆಯನ್ನು ಇಪ್ಪತ್ತೆರಡು ವರ್ಷ ಆಳುಗಳಿಗೆ ಕಲಿಸಿದವನು ಅವನೇ. ಈಗ ಅಡ್ಡ ಬೇಡ, ಎಲ್ಲ ಉದ್ದಕ್ಕೇ ಇಡು, ನಡುವೆ ಗಾಳಿ ಆಡಲಿ, ಹಿಂಡಿಗೆ ಬೂಷ್ಟು ಬರುತ್ತಿದೆ ಎಂದ. ಚಿಕ್ಕಮುನಿಯಪ್ಪ ಭಾನುವಾರ ಇಡೀ ದಿನ ಬೆವರು ಸುರಿಸಿ, ಹದಿಮೂರು ಮೂಟೆ ಎತ್ತರದ ಅಟ್ಟಿಯನ್ನು ಬಿಚ್ಚಿ ಬಾವ ಹೇಳಿದಂತೆ ಕಟ್ಟಿದ. ತೇವ ತಾಗದಿರಲು ಕೆಳಗೆ ಹಲಗೆ. ಮುಂದಿನ ಹಲಗೆಯನ್ನು ಒಂದೇ ಇಟ್ಟಿಗೆಯ ಮೇಲೆ ಕೂರಿಸು ಎಂದು ಹೇಳಿದವನೂ ಬಾವನೇ, ಅದಕ್ಕೂ ಗಾಳಿಯ ನೆಪ. ಕೆಲಸ ಮುಗಿದ ಮೇಲೆ ಮುನಿಸ್ವಾಮಪ್ಪ ಒಂದು ತುಂಡು ಹಗ್ಗವನ್ನು ಆ ಇಟ್ಟಿಗೆಗೆ ಎಡಗೈಯಲ್ಲೇ ಸುತ್ತಿ, ತುದಿಯನ್ನು ಗೋಣಿಗಳ ಅಡಿಯಲ್ಲಿ ಮರೆಮಾಡಿದ. ಎಳೆಯಲು ಒಂದು ಕೈ ಸಾಕು. ಮೂಟೆ ಹೊರುವುದಕ್ಕೆ ಬೇಕಾದಂತೆ ಬೀಳಿಸುವುದಕ್ಕೆ ಭುಜ ಬೇಕಿಲ್ಲ.

ಸದ್ದು ಬೀದಿಗೆ ಕೇಳಬಾರದು, ಯಾರೂ ಇಣುಕಬಾರದು. ಅದಕ್ಕೆ ಒಳಗೆ ಹೋದೊಡನೆ ಶಟರನ್ನು ಪೂರ್ತಿ ಇಳಿಸಬೇಕು. ಇದನ್ನೂ ಸಂಜೆ ಅಂಗಡಿ ಮುಚ್ಚುವಾಗ ಎರಡು ಸಲ ಎಡಗೈಯಲ್ಲಿ ಮಾಡಿನೋಡಿದ. ಹಳೆಯ ಅಗಲದ ಶಟರು, ಕೊಕ್ಕೆ ಸಿಕ್ಕಿಸಿ ಜಗ್ಗಿದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕೆಲಸ ಮುಗಿಸಿ ಹೊರಗೆ ಬರುವುದು, ಮೂರಕ್ಕೆ ಮುಂಚೆ ಹಾಸಿಗೆ ಸೇರುವುದು. ನಾಲ್ಕು ಗಂಟೆಗೆ ಯಾರಾದರೂ ಓಡಿಬಂದು ಸುದ್ದಿ ಹೇಳುತ್ತಾರೆ. ಆಗೇನು ಮಾಡಬೇಕೆಂಬುದನ್ನು ಅವನು ಬಹಳ ಆಸೆಯಿಂದ ಯೋಚಿಸಿಟ್ಟಿದ್ದ. ಜನರನ್ನು ತಳ್ಳಿ ಒಳಗೆ ನುಗ್ಗುವುದು, ಆ ನಡುಗುವ ಬಲಗೈಯಿಂದಲೇ ಮೂಟೆ ಎತ್ತಲು ಹೋಗುವುದು, ಅಯ್ಯೋ ಎಂದು ಭುಜ ಹಿಡಿದು ಕುಸಿಯುವುದು. ಆಗ ಎಲ್ಲರೂ ಅವನನ್ನು ಹಿಡಿದುಕೊಳ್ಳುತ್ತಾರೆ. ಆ ಹೊತ್ತಿಗಾದರೂ ಅನುಕಂಪ ಸರಿಯಾದ ಜಾಗಕ್ಕೆ ಬರುತ್ತದೆ.

ಬುಧವಾರ ಬೆಳಿಗ್ಗೆ ಚಿಕ್ಕಮುನಿಯಪ್ಪ ಎಂದಿನಂತೆ ಅವನಿಗೆ ಅಂಗಿ ತೊಡಿಸಿದ. ಗುಂಡಿ ಹಾಕುತ್ತಾ, "ಬಾವ, ನನ್ ಕೆಂದ ಹಸು ನಾಳೆ ನಾಡಿದ್ದು ಈಯ್ತದೆ. ಗಿಣ್ಣು ತಂದ್ಕೊಡ್ತೀನಿ. ಕೈಗೆ ಶಕ್ತಿ ಬತ್ತದೆ ಅಂತಾರೆ" ಎಂದ.

"ಆಯ್ತು, ತಗೊಂಬಾ" ಎಂದ ಮುನಿಸ್ವಾಮಪ್ಪ. ಗಿಣ್ಣು ಅವನಿಗೆ ಇಷ್ಟವೇ.

ಎರಡು ಗಂಟೆಗೆ ಗೋಡೆಯ ಮುಂದೆ ನಿಂತು ಬೆರಳು ಹತ್ತಿಸಿದ. ಗೆರೆ ಅಲ್ಲೇ ಬಿತ್ತು. ಲಿಖಿತ ತಲೆಯಾಡಿಸಿ, ಶಾಖದ ಪಟ್ಟಿ ಸುತ್ತಿ, ಪರದೆ ಎಳೆದು ಹೋದಳು. ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಆದಿಲಕ್ಷ್ಮಮ್ಮನ ಗೊರಕೆ ಶುರುವಾಯಿತು. ಪಟ್ಟಿ ಬಿಚ್ಚಿದ, ಫೋನನ್ನು ದಿಂಬಿನ ಮೇಲಿಟ್ಟ, ಟವೆಲು ಸುತ್ತಿಕೊಂಡ. ಓಣಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ದೂರದಲ್ಲಿ ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬಗಳ ಮೇಲಿಂದ ಬಿಳಿ ಧೂಳು ಎದ್ದು ಪೇಟೆಯ ಕಡೆ ಬರುತ್ತಿತ್ತು. ಭುಜದಲ್ಲಿ ಶಾಖದ ಹಿತ ಇನ್ನೂ ಉಳಿದಿತ್ತು. ಬಹಳ ದಿನಗಳ ಮೇಲೆ ಅವನ ಮನಸ್ಸು ಹಗುರವಾಗಿತ್ತು.

ಅಂಗಡಿಯ ಎದುರು ಟೀ ಅಂಗಡಿಯ ಆರುಮುಗಂ ಬೆಂಚಿನ ಮೇಲೆ ಮುಖಕ್ಕೆ ಪೇಪರು ಹಾಕಿಕೊಂಡು ಮಲಗಿದ್ದ. ಮುನಿಸ್ವಾಮಪ್ಪ ಬಗ್ಗಿ ಶಟರಿನ ಕೆಳಗೆ ನುಸುಳಿದ. ಕೊಕ್ಕೆ ಸಿಕ್ಕಿಸಿ ನಿಧಾನಕ್ಕೆ ಜಗ್ಗಿದ. ಶಟರು ಹೇಳಿದ ಮಾತು ಕೇಳುವ ಮಗುವಿನಂತೆ ಇಳಿದು ನೆಲಕ್ಕೆ ಕೂತಿತು. ಒಳಗೆ ಕತ್ತಲಾಯಿತು. ಮೇಲಿನ ಜಾಲರಿಯಿಂದ ಸ್ವಲ್ಪ ಬೆಳಕು, ಅಟ್ಟಿಯ ಬುಡದಲ್ಲಿ ಅಂಗಾತ ಮಲಗಿದ ಚಿಕ್ಕಮುನಿಯಪ್ಪ, ಅವನ ತೆರೆದ ಬಾಯಿ.

ಹಗ್ಗದ ತುದಿ ಹುಡುಕಿ ಎಳೆದ. ಇಟ್ಟಿಗೆ ಅಲುಗಲಿಲ್ಲ. ಭಾನುವಾರದಿಂದ ಅಷ್ಟು ಮೂಟೆಗಳ ಭಾರ ಹೊತ್ತು ಅದು ನೆಲಕ್ಕೆ ಕಚ್ಚಿಕೊಂಡಿತ್ತು. ಇನ್ನೊಂದು ಸಲ ಎಳೆದ, ಕಾಲು ಕೊಟ್ಟು ಎಳೆದ. ಎಡ ತೋಳು ಸೋತು ಬಲಗೈಯನ್ನೂ ಹಗ್ಗಕ್ಕೆ ಹಾಕಿದ್ದೇ ತಡ, ಭುಜದಲ್ಲಿ ಮಿಂಚು ಹೊಡೆದಂತಾಗಿ ಬಾಯಿಂದ ನರಳಿಕೆ ಹೊರಟಿತು.

ತಮಟೆಗೆ ಏಳದವನು ಆ ನರಳಿಕೆಗೆ ಎದ್ದು ಕೂತ. ಆರು ತಿಂಗಳ ಅಭ್ಯಾಸ.

"ಬಾವ?" ಕಣ್ಣುಜ್ಜಿಕೊಂಡು ನೋಡಿದ. ಬಾವ ಯಾಕೆ ಇಲ್ಲಿ, ಶಟರು ಯಾಕೆ ಮುಚ್ಚಿದೆ, ಯಾವುದನ್ನೂ ಕೇಳಲಿಲ್ಲ. ಅವನ ಕಣ್ಣು ಹೋದದ್ದು ಹಗ್ಗ ಹಿಡಿದ ಬಲಗೈಯ ಮೇಲೆ. "ಬಿಡಿ ಬಾವ, ಕೈ ನೋಯ್ತದೆ. ನಾನ್ ಎಳೀತೀನಿ."

ಹಗ್ಗವನ್ನು ಬಾವನ ಕೈಯಿಂದ ಬಿಡಿಸಿಕೊಂಡ. ಮುನಿಸ್ವಾಮಪ್ಪ ಮೂರು ಹೆಜ್ಜೆ ಹಿಂದೆ ಸರಿದ. ಚಿಕ್ಕಮುನಿಯಪ್ಪ ಕೂತಲ್ಲೇ, ನಿದ್ದೆಗಣ್ಣಲ್ಲೇ, ಒಂದೇ ಸಲ ಜಗ್ಗಿದ.

ಇಟ್ಟಿಗೆ ಬಂತು. ಹಲಗೆ ಮುಗ್ಗರಿಸಿತು. ಮೇಲಿನ ಸಾಲುಗಳು ಒಂದು ಗಳಿಗೆ ಯೋಚಿಸುವಂತೆ ನಿಂತು, ಆಮೇಲೆ ಒಟ್ಟಿಗೇ ಬಂದವು. ಸದ್ದು ಅವನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ, ಆದರೆ ಬಹಳ ಹೊತ್ತು ನಡೆಯಿತು. ಬೂಸದ ಧೂಳು ತುಂಬಿ ಉಸಿರು ಕಟ್ಟಿತು. ಧೂಳು ಇಳಿದಾಗ ರಾಶಿಯ ಅಂಚಿನಿಂದ ಒಂದು ಕೈ ಮಾತ್ರ ಹೊರಗಿತ್ತು. ಬೆರಳುಗಳು ನೆಲವನ್ನು ಕೆರೆಯುತ್ತಿದ್ದವು.

ಹೊರಗಿನಿಂದ ಆರುಮುಗಂ ಶಟರು ತಟ್ಟಿದ. "ಚಿಕ್ಕಾ? ಏನಪ್ಪಾ ಅದು ಸದ್ದು? ಒಳಗೆ ಯಾರು ಇದೀರಾ?"

ಮುನಿಸ್ವಾಮಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತ. ಬಾಯಿಬಿಟ್ಟರೆ ಹತ್ತು ಜನ ಬರುತ್ತಾರೆ, ಮೂಟೆ ಸರಿಸುತ್ತಾರೆ, ಆ ಕೈಯವನು ಇನ್ನೂ ಬದುಕುತ್ತಾನೆ. ಬದುಕಿ, ಮತ್ತೆ ಬಂದು ಗುಂಡಿ ಹಾಕುತ್ತಾನೆ. ಆರುಮುಗಂ ಇನ್ನೊಮ್ಮೆ ಕೂಗಿದ, ಏನೋ ಗೊಣಗಿಕೊಂಡು ಹೋದ. ಬೆರಳುಗಳು ನಿಧಾನವಾದವು. ಮುನಿಸ್ವಾಮಪ್ಪ ಕಣ್ಣು ಕೀಳದೆ ನೋಡಿದ. ಅವನಿಗೆ ಕರುಣೆ ಬರಲಿಲ್ಲ. ಬರಬಹುದೇನೋ ಎಂದು ಸ್ವಲ್ಪ ಕಾದು ನೋಡಿದ, ಬರಲಿಲ್ಲ. ಕೊನೆಗೆ ಬೆರಳುಗಳು ನಿಂತವು.

ಹಗ್ಗ ರಾಶಿಯ ಕೆಳಗೆ ಉಳಿದಿತ್ತು, ಸತ್ತವನ ಇನ್ನೊಂದು ಕೈಯಲ್ಲಿ. ಅದನ್ನು ತೆಗೆಯುವುದು ಹೇಗೆಂದು ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ತೆಗೆಯುವುದೇಕೆ? ಎಳೆದವನು ಅವನೇ. ಯಾವ ಪೊಲೀಸಿನವನು ಮೂಟೆ ಸರಿಸಿ ನೋಡಿದರೂ, ಬುದ್ಧಿಯಿಲ್ಲದ ಹಳ್ಳಿಯವನು ಇಟ್ಟಿಗೆಗೆ ಹಗ್ಗ ಕಟ್ಟಿ ತಾನೇ ಎಳೆದುಕೊಂಡು ಸತ್ತ ಎಂದು ಬರೆದುಕೊಳ್ಳುತ್ತಾನೆ. ತಾನು ಯೋಚಿಸಿದ್ದಕ್ಕಿಂತ ಚೆನ್ನಾಗಿಯೇ ಆಗಿತ್ತು. ಕೊನೆಯ ಕೆಲಸವನ್ನೂ ಬಾಮೈದ ಬಾವನ ಕೈಗೆ ನೋವಾಗದಂತೆ ಮಾಡಿಕೊಟ್ಟಿದ್ದ. ಗೋಡೆಯ ಗಡಿಯಾರದಲ್ಲಿ ಎರಡೂ ನಲವತ್ತು. ಅಂಗಿಯ ಮೇಲಿನ ಬೂಸ ಕೊಡವಿಕೊಂಡು, ಟವೆಲು ಸುತ್ತಿಕೊಂಡು, ಮುನಿಸ್ವಾಮಪ್ಪ ಶಟರಿನ ಹತ್ತಿರ ಬಂದ.

ಬಗ್ಗಿ ಎಡಗೈಯಿಂದ ಹಿಡಿ ಹಿಡಿದು ಎತ್ತಿದ. ಎಡಬದಿ ಒಂದು ಗೇಣು ಮೇಲೆದ್ದು, ಬಲಬದಿ ನೆಲದಲ್ಲೇ ಉಳಿದು, ಶಟರು ಓರೆ ತಿರುಗಿ ಹಳಿಗೆ ಕಚ್ಚಿಕೊಂಡಿತು. ಇಳಿಸಿ ಮತ್ತೆ ಎತ್ತಿದ, ಮತ್ತೆ ಅಲ್ಲೇ. ಸ್ಪ್ರಿಂಗು ಸತ್ತ ಆ ಶಟರನ್ನು ಎರಡು ಹಿಡಿಗಳನ್ನೂ ಹಿಡಿದು, ಎರಡು ಕಡೆಯೂ ಸಮವಾಗಿ, ಎರಡು ಭುಜದ ಬಲದಿಂದಲೇ ಎತ್ತಬೇಕು. ಇಪ್ಪತ್ತೆರಡು ವರ್ಷ ಹಾಗೆಯೇ ಎತ್ತಿ ಎತ್ತಿ ಅದು ಒಂದು ಕೆಲಸವೆಂದೇ ಅವನಿಗೆ ಮರೆತುಹೋಗಿತ್ತು. ಈ ಆರು ತಿಂಗಳು ಅವನು ಬರುವ ಹೊತ್ತಿಗೆ ಅಂಗಡಿ ತೆರೆದೇ ಇರುತ್ತಿತ್ತು, ತೆರೆಯುತ್ತಿದ್ದವನು ಚಿಕ್ಕಮುನಿಯಪ್ಪ. ಬಲಗೈಯನ್ನೂ ಹಿಡಿಗೆ ಹಾಕಿ ಹಲ್ಲು ಕಚ್ಚಿ ಎಳೆದ. ಭುಜ ಕೈಕೊಟ್ಟಿತು, ಕೈ ಬಟ್ಟೆಯ ತುಂಡಿನಂತೆ ಜೋತುಬಿತ್ತು. ಕೊಕ್ಕೆ ಹಾಕಿ ಮೀಟಿದ, ಬೆನ್ನು ಕೊಟ್ಟ, ಗೇಣಗಲದ ಸಂದಿಯಲ್ಲಿ ತಲೆ ತೂರಿಸಲು ನೋಡಿದ. ಗಡಿಯಾರದಲ್ಲಿ ಮೂರಾಯಿತು, ಮೂರೂಕಾಲಾಯಿತು. ಬೀದಿಯಲ್ಲಿ ಚಪ್ಪಲಿ ಸದ್ದು, ಲಿಖಿತಳ ದನಿ. "ಅಂಕಲ್ ಹಾಸಿಗೇಲಿಲ್ಲ ಅಣ್ಣ, ಫೋನ್ ಬಿಟ್ಟು ಎಲ್ಲೋ ಹೋಗಿದಾರೆ, ಇಲ್ಲಿಗೆ ಬಂದ್ರಾ?" ಆರುಮುಗಂ ಓರೆಯಾದ ಶಟರು ಅಲುಗುವುದನ್ನು ಕಂಡ. "ಇರಪ್ಪಾ ಚಿಕ್ಕಾ, ಒಬ್ನೇ ಕಷ್ಟಪಡಬೇಡ, ನಾವು ಎತ್ತುತೀವಿ. ಅಮ್ಮಾ, ನೀನು ಆ ಕಡೆ ಇಡ್ಕೋ" ಎಂದ. ಎಡಬದಿಯ ಸಂದಿಯಲ್ಲಿ ಹೊರಗಿನಿಂದ ಬೆರಳುಗಳು ಬಂದವು, ಬಲಬದಿಯ ಹಿಡಿಗೂ ಹೊರಗಿನಿಂದ ಕೈ ಬಿದ್ದ ಸದ್ದಾಯಿತು. ಮುನಿಸ್ವಾಮಪ್ಪ ಎಡಗೈಯಿಂದ ಶಟರನ್ನು ಕೆಳಕ್ಕೆ ಒತ್ತಿ ಹಿಡಿದ, ಆದರೆ ಎರಡೂ ಕಡೆ ಸಮವಾಗಿ ಹಿಡಿದವರಿಗೆ ಅದು ಹಗುರವಾಗಿ ಮೇಲೆ ಹೋಗತೊಡಗಿತು.